ಘಾಟಿಯಲ್ಲಿ ಕುದಿಯುವ ಹಳೆಯ ಕಾರು: ನೀರು ಹೋಗುತ್ತಿರುವುದೆಲ್ಲಿಗೆ?

ಪ್ರಶ್ನೆ: ನಾನು ತೀರ್ಥಹಳ್ಳಿಯ ನಿವೃತ್ತ ಅಧ್ಯಾಪಕ. ನನ್ನ 2004ರ ಮಾರುತಿ ಜೆನ್ ಈವರೆಗೆ 1,12,000 ಕಿ.ಮೀ. ಓಡಿದೆ. ನಾಲ್ಕು ತಿಂಗಳ ಹಿಂದೆ ಹಳೆಯ ರೇಡಿಯೇಟರ್ ಸೋರತೊಡಗಿದ್ದರಿಂದ ಬೇರೆಯದನ್ನು ಹಾಕಿಸಿದೆ. ಅಂದಿನಿಂದ ದಿನವೂ ಬೆಳಿಗ್ಗೆ ರೇಡಿಯೇಟರಿಗೆ ಒಂದು ಲೋಟದಷ್ಟು ನೀರು ಹಾಕಬೇಕಾಗಿದೆ. ಕಾರಿನ ಕೆಳಗೆ ಒಂದು ಹನಿಯೂ ಬೀಳುವುದಿಲ್ಲ. ಪಕ್ಕದ ಪ್ಲಾಸ್ಟಿಕ್ ಡಬ್ಬಿ ಮಾತ್ರ ಯಾವಾಗಲೂ ತುಂಬಿರುತ್ತದೆ. ಬೆಳಿಗ್ಗೆ ಬಾನೆಟ್ ಎತ್ತಿದರೆ ರೇಡಿಯೇಟರಿನ ಮೇಲಿನ ರಬ್ಬರ್ ಪೈಪು ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿರುತ್ತದೆ. ಊರೊಳಗೆ ತೊಂದರೆಯಿಲ್ಲ. ಆದರೆ ಉಡುಪಿಯಿಂದ ಹಿಂತಿರುಗುವಾಗ ಆಗುಂಬೆ ಘಾಟಿಯಲ್ಲಿ ಏಳೆಂಟು ತಿರುವು ಏರುವಷ್ಟರಲ್ಲಿ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಮೆಕ್ಯಾನಿಕ್ ಮೊದಲು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಕವಾಟ) ತೆಗೆದುಹಾಕಿದರು. ಈಗ ಆಯಿಲ್ ಮುಚ್ಚಳದ ಒಳಗೆ ಕಾಫಿ ಬಣ್ಣದ ನೊರೆ ತೋರಿಸಿ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು ಎನ್ನುತ್ತಿದ್ದಾರೆ. ಇನ್ನೊಬ್ಬರು ವಾಟರ್ ಪಂಪ್ ಎನ್ನುತ್ತಾರೆ. ಬಿಚ್ಚಿಸಲೇ?

ಉತ್ತರ: ಮಾನ್ಯರೇ, ಈಗಲೇ ಬಿಚ್ಚಿಸಬೇಡಿ. ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್, ಹೋಗಿರಲಾರದು ಎಂದು ನಾನು ಹೇಳುತ್ತಿಲ್ಲ. ಅದು ಹೋಗಿದೆ ಎನ್ನಲು ನಿಮಗೆ ತೋರಿಸಿದ ಸಾಕ್ಷಿ ಸಾಲದು ಎನ್ನುತ್ತಿದ್ದೇನೆ. ಹಳೆಯ ಕಾರು ಬಿಸಿಯಾದಾಗ ಎರಡು ಬೇರೆ ಬೇರೆ ಕಾಯಿಲೆಗಳನ್ನು ಒಂದೇ ಎಂದುಕೊಳ್ಳುವ ತಪ್ಪು ನಡೆಯುತ್ತಲೇ ಇರುತ್ತದೆ. ನೀರು ಕಡಿಮೆಯಾದದ್ದರಿಂದ ಎಂಜಿನ್ ಬಿಸಿಯಾಯಿತೇ, ಅಥವಾ ಎಂಜಿನ್ ಬಿಸಿಯಾದದ್ದರಿಂದ ನೀರು ಕುದಿದು ಹೊರಗೆ ಹೋಯಿತೇ ಎಂಬುದು ಮೊದಲು ತೀರ್ಮಾನವಾಗಬೇಕು. ನಿಮ್ಮ ಪತ್ರದಲ್ಲಿ ಇದಕ್ಕೆ ಉತ್ತರ ಹೆಚ್ಚುಕಡಿಮೆ ಇದ್ದೇ ಇದೆ: ಡಬ್ಬಿ ಯಾವಾಗಲೂ ತುಂಬಿರುವುದು, ಬೆಳಿಗ್ಗೆ ಮೇಲಿನ ಪೈಪು ಚಪ್ಪಟೆಯಾಗಿರುವುದು. ಈ ಎರಡನ್ನೂ ನೀವು ಗಮನಿಸಿ ಬರೆಯದೆ ಇದ್ದಿದ್ದರೆ ನಾನೂ ಬಹುಶಃ ಸೋರಿಕೆಯನ್ನೇ ಹುಡುಕಲು ಹೇಳುತ್ತಿದ್ದೆ.

ರೇಡಿಯೇಟರಿನ ಮುಚ್ಚಳವನ್ನು ನಾವು ಪಾತ್ರೆಯ ಮುಚ್ಚಳದಂತೆ ನೋಡುತ್ತೇವೆ. ವಾಸ್ತವದಲ್ಲಿ ಅದು ಎರಡು ಕವಾಟಗಳಿರುವ ಯಂತ್ರ. ಎಂಜಿನ್ ಬಿಸಿಯಾದಾಗ ಒಳಗಿನ ದ್ರವ ಹಿಗ್ಗಿ ಒತ್ತಡ ಏರುತ್ತದೆ. ಮುಚ್ಚಳದ ದೊಡ್ಡ ಸ್ಪ್ರಿಂಗ್ ಆ ಒತ್ತಡವನ್ನು ಒಂದು ಮಿತಿಯವರೆಗೆ, ಮುಚ್ಚಳದ ಮೇಲೆ 0.9 ಎಂದು ಬರೆದಿದ್ದರೆ ಚದರ ಸೆಂಟಿಮೀಟರಿಗೆ 0.9 ಕಿಲೋದವರೆಗೆ, ತಡೆದು ಹಿಡಿಯುತ್ತದೆ. ಮಿತಿ ಮೀರಿದ ಮೇಲೆ ಸ್ಪ್ರಿಂಗ್ ಮೇಲೆದ್ದು ಸ್ವಲ್ಪ ದ್ರವ ಸಣ್ಣ ಕೊಳವೆಯ ಮೂಲಕ ಪಕ್ಕದ ಡಬ್ಬಿಗೆ ಹೋಗುತ್ತದೆ. ರಾತ್ರಿ ಎಂಜಿನ್ ತಣ್ಣಗಾಗುವಾಗ ದ್ರವ ಕುಗ್ಗಿ ಒಳಗೆ ನಿರ್ವಾತ ಉಂಟಾಗುತ್ತದೆ. ಆಗ ಮುಚ್ಚಳದ ನಡುವಿನ ಪುಟ್ಟ ಬಿಲ್ಲೆ ಕೆಳಕ್ಕೆ ತೆರೆದುಕೊಂಡು, ಡಬ್ಬಿಗೆ ಹೋಗಿದ್ದ ದ್ರವವನ್ನು ಮತ್ತೆ ಒಳಗೆ ಬಿಟ್ಟುಕೊಳ್ಳಬೇಕು. ನಿಮ್ಮ ಕಾರಿನಲ್ಲಿ ಹೋಗುವ ದಾರಿ ತೆರೆದಿದೆ, ಬರುವ ದಾರಿ ಮುಚ್ಚಿದೆ. ಒಳಗಿನ ನಿರ್ವಾತಕ್ಕೆ ಎಳೆದುಕೊಳ್ಳಲು ಬೇರೇನೂ ಸಿಗದೆ ಅದು ಮೆತ್ತಗಿರುವ ರಬ್ಬರ್ ಪೈಪನ್ನೇ ಚಪ್ಪಟೆ ಮಾಡುತ್ತಿದೆ. ನಾಳೆ ಬೆಳಿಗ್ಗೆ ಮುಚ್ಚಳ ತಿರುಗಿಸುವಾಗ ಕಿವಿಗೊಟ್ಟು ಕೇಳಿ: ಗಾಳಿ ಸುಂಯ್ ಎಂದು ಒಳಕ್ಕೆ ನುಗ್ಗಿ ಪೈಪು ಟಪ್ಪೆಂದು ಮೊದಲಿನ ದುಂಡಗಿನ ಆಕಾರಕ್ಕೆ ಬಂದರೆ ನಾನು ಹೇಳುತ್ತಿರುವುದು ಸರಿ.

ಇನ್ನು ಆ ಒಂದು ಲೋಟದ ಲೆಕ್ಕ. ನಿಮ್ಮ ಎಂಜಿನ್ನಿನಲ್ಲಿ ನಾಲ್ಕು ಲೀಟರಿನ ಆಸುಪಾಸು ದ್ರವ ಇದೆ ಎನ್ನೋಣ. 25 ಡಿಗ್ರಿಯಿಂದ 90 ಡಿಗ್ರಿಗೆ ಏರುವಾಗ ನೀರು ನೂರಕ್ಕೆ ಮೂರು ಪಾಲಿಗಿಂತ ತುಸು ಹೆಚ್ಚು ಹಿಗ್ಗುತ್ತದೆ. ಕೂಲೆಂಟ್ (ತುಕ್ಕು ತಡೆಯಲು ನೀರಿಗೆ ಬೆರೆಸುವ ದ್ರವ) ಬೆರೆತಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಅಂದರೆ 130ರಿಂದ 200 ಮಿಲಿ ಲೀಟರ್, ಸರಿಸುಮಾರು ನಿಮ್ಮ ಲೋಟದಷ್ಟೇ. ನೀವು ಬೆಳಿಗ್ಗೆ ಕುತ್ತಿಗೆಯವರೆಗೆ ತುಂಬಿಸುತ್ತೀರಿ. ಮಧ್ಯಾಹ್ನ ಅದು ಹಿಗ್ಗಿ ಅಷ್ಟೇ ನೀರನ್ನು ಡಬ್ಬಿಗೆ ದೂಡುತ್ತದೆ. ಡಬ್ಬಿ ಆಗಲೇ ತುಂಬಿರುವುದರಿಂದ ಅದರ ಮೇಲಿನ ರಂಧ್ರದಿಂದ ರಸ್ತೆಗೆ ಚೆಲ್ಲುತ್ತದೆ. ರಾತ್ರಿ ಏನೂ ಹಿಂತಿರುಗುವುದಿಲ್ಲ. ಮರುದಿನ ಮತ್ತೆ ಒಂದು ಲೋಟ. ಕಾರು ಓಡುತ್ತಿರುವಾಗ ಚೆಲ್ಲುವ ನೀರು ಮನೆಯ ಶೆಡ್ಡಿನ ನೆಲದ ಮೇಲೆ ಕಾಣಿಸಿಕೊಳ್ಳುವುದು ಹೇಗೆ? ಸ್ವಲ್ಪ ವಿಚಿತ್ರವಾಗಿ ಕೇಳಿಸಬಹುದು, ಆದರೆ ನೀವು ದಿನವೂ ಕಳೆದುಕೊಳ್ಳುತ್ತಿರುವುದು ದಿನವೂ ಹಾಕುತ್ತಿರುವ ನೀರನ್ನೇ. ಪೈಪು ರಾತ್ರಿಯಿಡೀ ಚಪ್ಪಟೆಯಾಗಿಯೇ ಉಳಿಯುತ್ತದೆ ಎಂಬುದು ಒಂದು ಒಳ್ಳೆಯ ಸುದ್ದಿಯೂ ಹೌದು: ಎಲ್ಲಾದರೂ ದೊಡ್ಡ ಸೋರಿಕೆ ಇದ್ದಿದ್ದರೆ ಅಲ್ಲಿಂದ ಗಾಳಿ ಒಳಗೆ ಬಂದು ನಿರ್ವಾತ ತುಂಬಿಹೋಗುತ್ತಿತ್ತು.

ಆದ್ದರಿಂದ ಮೊದಲು ಮುಚ್ಚಳವನ್ನು ಕೈಗೆತ್ತಿಕೊಳ್ಳಿ, ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ. ಅದನ್ನು ತಿರುಗಿಸಿ ಹಿಡಿದು ನಡುವಿನ ಪುಟ್ಟ ಬಿಲ್ಲೆಯನ್ನು ಉಗುರಿನಿಂದ ಹಿಡಿದು ಮೆಲ್ಲಗೆ ಎಳೆಯಿರಿ. ಅದು ಸಲೀಸಾಗಿ ಬಂದು, ಬಿಟ್ಟೊಡನೆ ಹಿಂದಕ್ಕೆ ಕೂರಬೇಕು. ಬೋರ್‌ವೆಲ್ ನೀರು ಕುಡಿದ ಮುಚ್ಚಳಗಳಲ್ಲಿ ಈ ಬಿಲ್ಲೆಯ ಸುತ್ತ ಸುಣ್ಣದಂಥ ಬಿಳಿ ಪದರ ಕಟ್ಟಿಕೊಂಡು ಅದು ಅಂಟಿಹೋಗಿರುತ್ತದೆ. ಬಳಿಕ ಕೆಳಗಿನ ಅಗಲದ ರಬ್ಬರ್ ಬಳೆಯನ್ನು ನೋಡಿ: ರೇಡಿಯೇಟರಿನ ಕುತ್ತಿಗೆಯ ಅಂಚು ಅದರ ಮೇಲೆ ಆಳವಾದ ಗೆರೆ ಒತ್ತಿದ್ದರೆ, ರಬ್ಬರ್ ಬಿರಿದು ಗಟ್ಟಿಯಾಗಿದ್ದರೆ, ಸ್ಪ್ರಿಂಗನ್ನು ಹೆಬ್ಬೆರಳಿನಲ್ಲೇ ಸುಲಭವಾಗಿ ಒತ್ತಿಬಿಡಲು ಬಂದರೆ ಆ ಮುಚ್ಚಳದ ಆಯುಸ್ಸು ಮುಗಿದಿದೆ. ಡಬ್ಬಿಗೆ ಹೋಗುವ ಸಣ್ಣ ಕೊಳವೆಯನ್ನೂ ಮರೆಯಬೇಡಿ. ವಯಸ್ಸಾಗಿ ಮೆತ್ತಗಾದ ಕೊಳವೆ ಒತ್ತಡಕ್ಕೆ ದಾರಿ ಬಿಟ್ಟರೂ ಎಳೆತಕ್ಕೆ ಒಳಗೇ ಅಂಟಿಕೊಂಡು ಮುಚ್ಚಿಹೋಗುತ್ತದೆ.

ಇಲ್ಲಿ ಇನ್ನೊಂದು ಸಂಶಯ ನನ್ನನ್ನು ಕಾಡುತ್ತಿದೆ. ತೊಂದರೆ ಶುರುವಾದದ್ದು ರೇಡಿಯೇಟರ್ ಬದಲಿಸಿದ ಮೇಲೆ ಎಂದು ಬರೆದಿದ್ದೀರಿ. ಮುಚ್ಚಳಗಳಲ್ಲಿ ದೊಡ್ಡ ಬಾಯಿಯವು, ಸಣ್ಣ ಬಾಯಿಯವು ಮಾತ್ರವಲ್ಲ, ಆಳದ ಕುತ್ತಿಗೆಗೆ ಮತ್ತು ಗಿಡ್ಡ ಕುತ್ತಿಗೆಗೆ ಎಂದು ಬೇರೆ ಬೇರೆ ಅಳತೆಯವು ಇವೆ. ಆಳದ ಕುತ್ತಿಗೆಗೆ ಗಿಡ್ಡ ಮುಚ್ಚಳ ಹಾಕಿದರೆ ಅದು ತಿರುಗಿ ಬಿಗಿಯಾಗಿ ಕೂತಂತೆಯೇ ಕಾಣುತ್ತದೆ, ಆದರೆ ಅದರ ರಬ್ಬರ್ ಬಳೆ ಕುತ್ತಿಗೆಯೊಳಗೆ ತಾನು ಕೂರಬೇಕಾದ ಅಂಚನ್ನು, ಅಂದರೆ ಆಸನವನ್ನು, ಸರಿಯಾಗಿ ಒತ್ತುವುದಿಲ್ಲ, 0.9 ಕಿಲೋ ತಡೆಯಬೇಕಾದ ಮುಚ್ಚಳ ಅದರ ಅರ್ಧವನ್ನೂ ತಡೆಯದೆ ಹೋಗಬಹುದು. ಹೊಸ ಮುಚ್ಚಳ ಕೊಳ್ಳುವಾಗ ಅಂಗಡಿಗೆ ಹಳೆಯ ಮುಚ್ಚಳವನ್ನಷ್ಟೇ ಒಯ್ಯಬೇಡಿ, ಕುತ್ತಿಗೆಯ ಅಂಚಿನಿಂದ ಒಳಗಿನ ಆಸನದವರೆಗಿನ ಆಳವನ್ನು ಅಳೆದುಕೊಂಡು ಹೋಗಿ. ಆ ಆಸನದ ಮೇಲೆ ಬೆರಳಾಡಿಸಿ ಗೀರು ಅಥವಾ ಬೆಸುಗೆಯ ಗಂಟು ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಇಷ್ಟು ಸಣ್ಣ ದೋಷ ಘಾಟಿಯಲ್ಲಿ ಎಂಜಿನ್ ಕುದಿಸುತ್ತದೆಯೇ ಎಂದು ನೀವು ಕೇಳಬಹುದು. ಒತ್ತಡವಿಲ್ಲದ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುತ್ತದೆ. ಆರುನೂರು ಮೀಟರಿಗೂ ಮೇಲಿರುವ ಆಗುಂಬೆಯಲ್ಲಿ 98ರ ಆಸುಪಾಸಿನಲ್ಲೇ ಕುದಿಯುತ್ತದೆ. 0.9 ಕಿಲೋದ ಒಳ್ಳೆಯ ಮುಚ್ಚಳ ಇದ್ದರೆ ಅದೇ ನೀರು ಸುಮಾರು 118 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಘಾಟಿಯ ಬುಡದಲ್ಲಿರುವ ಸೋಮೇಶ್ವರದಿಂದ ಮೇಲಕ್ಕೆ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಮೊದಲ, ಎರಡನೆಯ ಗೇರಿನಲ್ಲಿ ಏರುವ ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಆದರೆ ಕಾರಿನ ವೇಗ ಕಡಿಮೆಯಾದ್ದರಿಂದ ಎದುರುಗಾಳಿ ಮಾತ್ರ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ದ್ರವ 100 ಡಿಗ್ರಿ ದಾಟುವುದು ಅಸಹಜವಲ್ಲ. ಒತ್ತಡ ಇದ್ದರೆ ಅದು ದಾಟಿ ಮತ್ತೆ ಇಳಿಯುತ್ತದೆ. ಇಲ್ಲದಿದ್ದರೆ ಹೆಡ್ಡಿನ ಒಳಗೇ ಆವಿಯ ಗುಳ್ಳೆಗಳೇಳುತ್ತವೆ, ಗುಳ್ಳೆ ಇರುವ ಕಡೆ ಲೋಹದ ಶಾಖವನ್ನು ಒಯ್ಯುವ ನೀರೇ ಇರುವುದಿಲ್ಲ, ಆವಿ ಇನ್ನಷ್ಟು ನೀರನ್ನು ಹೊರದೂಡುತ್ತದೆ. ಅಲ್ಲಿಂದ ಮುಳ್ಳು ಕೆಂಪು ಗೆರೆ ಮುಟ್ಟಲು ಒಂದೆರಡು ತಿರುವು ಸಾಕು.

ಈಗ ಆಯಿಲ್ ಮುಚ್ಚಳದ ನೊರೆಯ ವಿಚಾರ. ಎಂಜಿನ್ ಆಯಿಲಿಗೆ ನೀರು ಬೆರೆತರೆ ಹಾಲು ಕಾಫಿಯಂಥ ನೊರೆ ಬರುತ್ತದೆ ಎಂಬುದು ನಿಜ. ಆದರೆ ಮಲೆನಾಡಿನ ಮಳೆಗಾಲದಲ್ಲಿ, ದಿನಕ್ಕೆ ಮೂರು ನಾಲ್ಕು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ, ಗ್ಯಾಸ್ಕೆಟ್ ಸರಿಯಿದ್ದರೂ ಈ ನೊರೆ ಕಾಣಿಸಿಕೊಳ್ಳುತ್ತದೆ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಆವಿಯಲ್ಲಿ ಒಂದಿಷ್ಟು ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿಯುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದರೆ ಅದು ಹಾರಿಹೋಗುತ್ತದೆ, ಬಿಸಿಯಾಗದಿದ್ದರೆ ಎಂಜಿನ್ನಿನ ಅತ್ಯಂತ ತಣ್ಣನೆಯ ಜಾಗವಾದ ಆಯಿಲ್ ಮುಚ್ಚಳದ ಅಡಿಯಲ್ಲಿ ಹನಿಗಟ್ಟಿ ಆಯಿಲಿನೊಂದಿಗೆ ಬೆರೆಯುತ್ತದೆ. ಥರ್ಮೋಸ್ಟಾಟ್ ತೆಗೆದುಹಾಕಿದ ಮೇಲೆ ನಿಮ್ಮ ಎಂಜಿನ್ ಊರೊಳಗಿನ ಓಡಾಟದಲ್ಲಿ ಎಂದೂ ಪೂರ್ತಿ ಬಿಸಿಯಾಗುತ್ತಿಲ್ಲ. ಮೆಕ್ಯಾನಿಕ್ ತೋರಿಸಿದ ಸಾಕ್ಷಿಯನ್ನು ಅವರ ಮೊದಲಿನ ರಿಪೇರಿಯೇ ಸೃಷ್ಟಿಸಿರುವ ಸಾಧ್ಯತೆ ಇದೆ. ಮುಚ್ಚಳವನ್ನು ಒರೆಸಿ, ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆದು ನೋಡಿ. ಕಡ್ಡಿಯ ತುದಿಯಲ್ಲಿ ಆಯಿಲ್ ತಿಳಿಯಾಗಿ ಜೇನಿನ ಅಥವಾ ಕಪ್ಪು ಬಣ್ಣದಲ್ಲಿದ್ದು, ಮಟ್ಟ ಏರಿಲ್ಲದಿದ್ದರೆ, ಆಯಿಲಿಗೆ ಕೂಲೆಂಟ್ ಇಳಿಯುತ್ತಿಲ್ಲವೆಂದೇ ಸದ್ಯಕ್ಕೆ ಭಾವಿಸಬಹುದು.

ಹೆಡ್ ಗ್ಯಾಸ್ಕೆಟ್ಟಿನ ವಿರುದ್ಧ ನನಗೆ ಕಾಣುವ ಇನ್ನೊಂದು ಸಾಕ್ಷಿಯೂ ಅದೇ ಚಪ್ಪಟೆ ಪೈಪು. ಗ್ಯಾಸ್ಕೆಟ್ ಸುಟ್ಟು ಸಿಲಿಂಡರಿನ ಅನಿಲ ನೀರಿಗೆ ನುಗ್ಗುತ್ತಿದ್ದರೆ ಆ ಅನಿಲ ತಣ್ಣಗಾದ ಮೇಲೂ ಒಳಗೇ ಉಳಿಯುತ್ತದೆ. ಬೆಳಿಗ್ಗೆ ಪೈಪು ಒಳಕ್ಕೆ ಎಳೆದುಕೊಂಡಿರುವ ಬದಲು ಉಬ್ಬಿ ಗಟ್ಟಿಯಾಗಿರುತ್ತದೆ, ಮುಚ್ಚಳ ತೆರೆದರೆ ಒತ್ತಡ ಹೊರಕ್ಕೆ ಬರುತ್ತದೆ. ಹೀಗಿದ್ದರೂ ನೀವು ಪರೀಕ್ಷೆ ಮಾಡಿಸಲೇಬೇಕು, ಏಕೆಂದರೆ ನಿಮ್ಮ 993 ಸಿಸಿ ಎಂಜಿನ್ನಿನ ಹೆಡ್ ಮತ್ತು ಬ್ಲಾಕ್ ಎರಡೂ ಅಲ್ಯೂಮಿನಿಯಂ. ಈ ಲೋಹ ಅತಿಯಾದ ಶಾಖಕ್ಕೆ ಬೇಗ ಬಾಗುತ್ತದೆ, ಮುಳ್ಳು ಎಷ್ಟು ಬಾರಿ ಕೆಂಪು ಗೆರೆ ಮುಟ್ಟಿದೆಯೋ ನನಗೆ ಗೊತ್ತಿಲ್ಲ. ನೀಲಿ ದ್ರವ ತುಂಬಿದ ಒಂದು ಗಾಜಿನ ಕೊಳವೆಯನ್ನು ರೇಡಿಯೇಟರಿನ ಬಾಯಿಗಿಟ್ಟು, ಎಂಜಿನ್ ಚಾಲೂ ಮಾಡಿ, ಅಲ್ಲಿಂದ ಏಳುವ ಗಾಳಿಯನ್ನು ಆ ದ್ರವದ ಮೂಲಕ ಹಾಯಿಸುತ್ತಾರೆ. ನೀರಿನಲ್ಲಿ ಸುಟ್ಟ ಅನಿಲ ಇದ್ದರೆ ಅದರ ಇಂಗಾಲದ ಡೈಆಕ್ಸೈಡ್ ತಗುಲಿ ನೀಲಿ ಬಣ್ಣ ಹಸಿರಾಗಿ, ಬಳಿಕ ಹಳದಿಯಾಗುತ್ತದೆ. ಪರೀಕ್ಷೆಗೆ ಮುನ್ನ ರೇಡಿಯೇಟರಿನ ಮಟ್ಟವನ್ನು ಎರಡು ಬೆರಳಿನಷ್ಟು ಇಳಿಸಿರಬೇಕು, ಇಲ್ಲದಿದ್ದರೆ ಕೂಲೆಂಟೇ ಕೊಳವೆಗೆ ಸೇರಿ ಪರೀಕ್ಷೆ ಕೆಡುತ್ತದೆ. ಇದು ಹದಿನೈದು ನಿಮಿಷದ ಕೆಲಸ. ಹೆಡ್ ಬಿಚ್ಚುವುದು ಎರಡು ಮೂರು ದಿನದ ಕೆಲಸ. ಈ ಕಿಟ್ ಸಿಗದಿದ್ದರೆ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟು ನೋಡಿ. ಮೂರು ಕಂದು ಬಣ್ಣದಲ್ಲಿದ್ದು ಒಂದು ಮಾತ್ರ ಆವಿಯಲ್ಲಿ ತೊಳೆದಂತೆ ಬೆಳ್ಳಗಿದ್ದರೆ ಆ ಸಿಲಿಂಡರಿಗೆ ನೀರು ಇಳಿಯುತ್ತಿರಬಹುದು. ಕಂಪ್ರೆಶನ್ (ಸಿಲಿಂಡರಿನ ಒಳಗಿನ ಒತ್ತಡ) ಅಳತೆಯಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕಡಿಮೆ ತೋರಿಸಿದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿದೆ ಎಂಬ ಅನುಮಾನ ಬಲವಾಗುತ್ತದೆ.

ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ, ಇಂಥ ಯಾವ ಪರೀಕ್ಷೆಯನ್ನೂ ಮಾಡದೆ, ನೊರೆಯೊಂದನ್ನೇ ನಂಬಿ ನಾನೇ ಒಂದು ಕಾರಿನ ಹೆಡ್ ಬಿಚ್ಚಿದ್ದೆ. ಗ್ಯಾಸ್ಕೆಟ್ ಹೊಸದರಂತಿತ್ತು. ಹೆಡ್ ನೇರವಾಗಿತ್ತು. ಹಳೆಯ ಮುಚ್ಚಳವನ್ನೇ ಮತ್ತೆ ಹಾಕಿ ಕಳಿಸಿದ್ದರಿಂದ ಕಾರು ಎಂಟನೆಯ ದಿನ ಮತ್ತೆ ಕುದಿದು ಬಂತು. ಆ ಮಾಲೀಕರು ಕೂಗಾಡಲಿಲ್ಲ. ಸುಮ್ಮನೆ ಕೀಲಿ ಮೇಜಿನ ಮೇಲಿಟ್ಟು ಬೆಂಚಿನ ಮೇಲೆ ಕೂತರು. ಕೂಗಾಡಿದ್ದರೇ ವಾಸಿಯಿತ್ತು.

ಥರ್ಮೋಸ್ಟಾಟನ್ನು ಮರಳಿ ಹಾಕಿಸಿ. ಬಿಸಿಯಾಗುವ ಕಾರಿನಿಂದ ಅದನ್ನು ಕಿತ್ತೆಸೆಯುವುದು ನಮ್ಮ ಗ್ಯಾರೇಜುಗಳಲ್ಲಿ ಬೇರೂರಿದ ಅಭ್ಯಾಸ, ಅದರ ಹಿಂದೆ ಬಿಸಿಲಿನ ದೇಶದಲ್ಲಿ ಅದೇತಕ್ಕೆ ಎಂಬ ನಂಬಿಕೆ ಇದೆ. ಎಂಜಿನ್ ತಣ್ಣಗಿದೆ ಎಂದು ತಿಳಿದ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ, ಮೈಲೇಜ್ ಇಳಿಯುತ್ತದೆ, ಆಯಿಲಿನ ನೀರು ಹಾರುವುದಿಲ್ಲ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುವ ಕೆಲಸವೂ ಅದರದ್ದೇ ಆದ್ದರಿಂದ, ಅದನ್ನು ತೆಗೆದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆಯೇ ಎಂಜಿನ್ನಿಗೆ ಮರಳುತ್ತದೆ. ಹೊಸದನ್ನು ಹಾಕುವ ಮುನ್ನ ಮನೆಯಲ್ಲೇ ಪರೀಕ್ಷಿಸಬಹುದು: ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಒಲೆ ಹಚ್ಚಿ. ಅದರ ಮೇಲೆ ಕೆತ್ತಿರುವ ಉಷ್ಣತೆಗೆ, ಸಾಮಾನ್ಯವಾಗಿ 82 ಅಥವಾ 88 ಡಿಗ್ರಿಗೆ, ಅದು ಬಾಯಿ ಬಿಡತೊಡಗಿ ಇನ್ನು ಹತ್ತು ಹನ್ನೆರಡು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆಯಬೇಕು.

ಮುಚ್ಚಳ ಬದಲಿಸಿದ ಮೇಲೂ ನೀರಿನ ಮಟ್ಟ ಇಳಿದರೆ ಪ್ರೆಷರ್ ಟೆಸ್ಟ್ ಮಾಡಿಸಿ. ಮುಚ್ಚಳದ ಜಾಗಕ್ಕೆ ಗೇಜ್ ಇರುವ ಕೈಪಂಪನ್ನು ಕೂರಿಸಿ, ತಣ್ಣನೆಯ ಎಂಜಿನ್ನಿಗೆ 0.9 ಕಿಲೋ ಒತ್ತಡ ಕೊಟ್ಟು ಹದಿನೈದು ನಿಮಿಷ ಬಿಡಬೇಕು. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ. ಬಿಸಿ ಎಂಜಿನ್ನಿನ ಮೇಲೆ ಬಿದ್ದ ಹನಿ ಆಗಲೇ ಆವಿಯಾಗುವುದರಿಂದ ನೆಲದ ಮೇಲೆ ಏನೂ ಕಾಣದಿರಬಹುದು; ಒಣಗಿದ ಬಿಳಿ ಅಥವಾ ಹಸಿರು ಕಲೆಗಳನ್ನು ಹುಡುಕಬೇಕು. ವಾಟರ್ ಪಂಪಿನ ಅಡಿಯಲ್ಲಿ ಒಂದು ಪುಟ್ಟ ರಂಧ್ರ ಇರುತ್ತದೆ. ಒಳಗಿನ ಸೀಲ್ ಹೋದಾಗ ನೀರು ಅಲ್ಲಿಂದ ಬರಲಿ ಎಂದೇ ಅದನ್ನು ಇಟ್ಟಿರುವುದು. ಅಲ್ಲಿ ಕಲೆ ಇದ್ದರೆ ನಿಮ್ಮ ಎರಡನೆಯ ಮೆಕ್ಯಾನಿಕ್ ಹೇಳಿದ್ದು ನಿಜ. ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಎತ್ತಿ ಮುಟ್ಟಿ ನೋಡಿ, ಅದು ಒದ್ದೆಯಾಗಿ ಅಂಟಂಟಾಗಿದ್ದರೆ ಹೀಟರಿನ ಒಳಗಿನ ಪುಟ್ಟ ರೇಡಿಯೇಟರ್ ಸೋರುತ್ತಿದೆ. ಸೋರಿಕೆ ಸಿಕ್ಕಾಗ ಯಾರಾದರೂ ರೇಡಿಯೇಟರಿಗೆ ಅರಿಸಿನ ಪುಡಿ ಸುರಿಯಲು ಬಂದರೆ ಕೈ ಹಿಡಿದು ನಿಲ್ಲಿಸಿ. ನಡುದಾರಿಯಲ್ಲಿ ಅದು ಕೆಲವೊಮ್ಮೆ ಕೆಲಸ ಮಾಡುವುದುಂಟು. ಆದರೆ ತೂತನ್ನು ಮುಚ್ಚುವ ಅರಿಸಿನಕ್ಕೆ ರೇಡಿಯೇಟರಿನ ಸಣ್ಣ ನಳಿಕೆ ಯಾವುದು, ತೂತು ಯಾವುದು ಎಂಬ ಭೇದ ತಿಳಿಯದು.

ಮಟ್ಟ ಇಳಿಯುತ್ತಿಲ್ಲ, ನೀಲಿ ದ್ರವದ ಬಣ್ಣವೂ ಬದಲಾಗಲಿಲ್ಲ, ಆದರೂ ಘಾಟಿಯಲ್ಲಿ ಮುಳ್ಳು ಏರುತ್ತಿದೆ ಎಂದಾದರೆ ಪ್ರಶ್ನೆ ನೀರಿನದ್ದಲ್ಲ, ಗಾಳಿಯದ್ದು ಅಥವಾ ಹರಿವಿನದ್ದು. ರೇಡಿಯೇಟರ್ ಬದಲಿಸುವಾಗ ಫ್ಯಾನಿನ ವೈರುಗಳನ್ನು ಅದಲುಬದಲು ಜೋಡಿಸಿದ್ದರೆ ಫ್ಯಾನ್ ತಿರುಗುತ್ತದೆ, ಆದರೆ ಗಾಳಿಯನ್ನು ಮುಂದಕ್ಕೆ ದೂಡುತ್ತದೆ. ಕಾರು ನಿಂತಿದ್ದು ಫ್ಯಾನ್ ತಿರುಗುವಾಗ ಮುಂಭಾಗದ ಜಾಲರಿಗೆ ಒಂದು ತೆಳು ಕಾಗದ ಹಿಡಿಯಿರಿ. ಅದು ಒಳಕ್ಕೆ ಎಳೆದು ಅಂಟಿಕೊಳ್ಳಬೇಕು. ಎ.ಸಿ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಸೇರಿಕೊಳ್ಳುವ ಕೆಸರು, ಹುಳುಗಳನ್ನು ಎಂಜಿನ್ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಹಾಯಿಸಿ ತೊಳೆಸಿ. ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಗನ್ ಸಿಕ್ಕರೆ ರೇಡಿಯೇಟರಿನ ಮೈಮೇಲೆಲ್ಲ ಹಿಡಿದು ನೋಡಿ, ನಡುವೆ ಎಲ್ಲಾದರೂ ತಣ್ಣನೆಯ ಪಟ್ಟಿ ಇದ್ದರೆ ಅಲ್ಲಿನ ನಳಿಕೆಗಳು ಕಟ್ಟಿಕೊಂಡಿವೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಈ ಗನ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಆದ್ದರಿಂದ ಎಂಜಿನ್ನಿನ ಉಷ್ಣತೆಗೆ ಕಪ್ಪು ರಬ್ಬರ್ ಪೈಪಿನ ಮೇಲೆ ಗುರಿಯಿಡಿ. ವರ್ಷಾನುಗಟ್ಟಲೆ ಬರೀ ನೀರಿನಲ್ಲಿ ಓಡಿದ ಕಾರುಗಳಲ್ಲಿ ಪಂಪಿನ ಒಳಗಿನ ಎಲೆಗಳು ತುಕ್ಕು ತಿಂದು ಸವೆದಿರುವುದನ್ನೂ ಕಂಡಿದ್ದೇನೆ. ಹೊರಗಿನಿಂದ ನೋಡಿದರೆ ಪಂಪ್ ಸರಿಯಾಗಿಯೇ ತಿರುಗುತ್ತಿರುತ್ತದೆ.

ಮುಚ್ಚಳ ಮತ್ತು ಥರ್ಮೋಸ್ಟಾಟ್ ಬಂದ ಮೇಲೆ ಈಗಿನ ನೀರನ್ನು ಪೂರ್ತಿ ಖಾಲಿ ಮಾಡಿ ಹೊಸ ಕೂಲೆಂಟ್ ತುಂಬಿಸಿ. ಹಿಮ ಬೀಳದ ನಮ್ಮ ಊರಿಗೆ ಕೂಲೆಂಟ್ ಬೇಕಾಗಿರುವುದು ತುಕ್ಕು ತಡೆಯಲು ಮತ್ತು ಕುದಿಯುವ ಉಷ್ಣತೆಯನ್ನು ಒಂದಿಷ್ಟು ಏರಿಸಲು. ಅಪ್ಪಟ ಕೂಲೆಂಟ್ ನೀರಿನಷ್ಟು ಶಾಖ ಹೊರುವುದಿಲ್ಲವಾದ್ದರಿಂದ ನೂರಕ್ಕೆ 30ರಿಂದ 50 ಪಾಲು ಸಾಕು, ಉಳಿದದ್ದು ಡಿಸ್ಟಿಲ್ಡ್ ವಾಟರ್. ಬೆರೆಸಿಯೇ ಮಾರುವ ಕೂಲೆಂಟಿಗೆ ಮತ್ತೆ ನೀರು ಸೇರಿಸಬಾರದು. ತುಂಬುವಾಗ ಕಾರಿನ ಮೂತಿ ತುಸು ಮೇಲಕ್ಕಿರಲಿ, ಹೀಟರಿನ ಸನ್ನೆ ಪೂರ್ತಿ ಬಿಸಿಯ ಕಡೆಗಿರಲಿ. ಮುಚ್ಚಳ ತೆರೆದಿಟ್ಟೇ ತಣ್ಣನೆಯ ಎಂಜಿನ್ ಚಾಲೂ ಮಾಡಿ, ಥರ್ಮೋಸ್ಟಾಟ್ ತೆರೆದು ಗುಳ್ಳೆಗಳು ನಿಲ್ಲುವವರೆಗೆ ಮಟ್ಟ ಇಳಿದಂತೆಲ್ಲ ತುಂಬಿಸುತ್ತ ಬನ್ನಿ. ದ್ರವ ಉಕ್ಕಿ ಮೇಲೆ ಬರತೊಡಗಿದರೆ ಎಂಜಿನ್ ನಿಲ್ಲಿಸಿ, ಬಾಯಿಯ ಮೇಲೆ ಬಗ್ಗಬೇಡಿ. ಡಬ್ಬಿಯನ್ನು ಮೇಲಿನ ಗೆರೆಗಿಂತ ಹೆಚ್ಚು ತುಂಬಿಸಬೇಡಿ. ಹಳೆಯ ಕೂಲೆಂಟನ್ನು ಅಂಗಳಕ್ಕೆ ಚೆಲ್ಲಬೇಡಿ. ಅದರ ರುಚಿ ಸಿಹಿ, ನೆಕ್ಕಿದ ನಾಯಿ ಬೆಕ್ಕುಗಳು ಸಾಯುತ್ತವೆ.

ಇದೆಲ್ಲ ಮುಗಿಯುವವರೆಗೆ ಆ ಕಾರಿನಲ್ಲಿ ಘಾಟಿ ಏರಬೇಡಿ. ಏರಲೇಬೇಕಾಗಿ ಬಂದು ಮುಳ್ಳು ಮುಕ್ಕಾಲು ದಾಟಿದರೆ ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಹಾಕಿ, ಜಾಗ ಸಿಕ್ಕೊಡನೆ ನಿಲ್ಲಿಸಿ. ಹೀಟರಿನಿಂದ ಬಿಸಿಗಾಳಿ ಬರುತ್ತಿದ್ದರೆ ನೀರು ಇನ್ನೂ ಹರಿಯುತ್ತಿದೆ ಎಂದರ್ಥ, ಒಂದೆರಡು ನಿಮಿಷ ಎಂಜಿನ್ ಸುಮ್ಮನೆ ಓಡಲು ಬಿಡಬಹುದು. ತಣ್ಣನೆಯ ಗಾಳಿ ಬಂದರೆ ತಕ್ಷಣ ಆರಿಸಿ. ಏರಿದ್ದ ಮುಳ್ಳು ತಾನಾಗಿಯೇ ಕೆಳಕ್ಕೆ ಬಿದ್ದರೆ ಸಮಾಧಾನಪಡಬೇಡಿ. ಉಷ್ಣತೆ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿಲ್ಲದಿದ್ದರೂ ಮುಳ್ಳು ಹಾಗೆ ಇಳಿಯುತ್ತದೆ. ಬಿಸಿಯಿರುವಾಗ ಮುಚ್ಚಳ ತೆರೆದು ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ, ಮುಕ್ಕಾಲು ಗಂಟೆಯಾದರೂ ಕಾಯಬೇಕು. ಕಾದ ಎಂಜಿನ್ನಿಗೆ ತಣ್ಣೀರು ಹೊಯ್ದರೆ ಹೆಡ್ ಬಿರುಕು ಬಿಡಬಹುದು.

ಹೊಸ ಮುಚ್ಚಳ ಹಾಕಿದ ದಿನ ಡಬ್ಬಿಯ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆದು, ಒಂದು ವಾರ ಬೆಳಿಗ್ಗೆ ಪೈಪಿನ ಆಕಾರ ಮತ್ತು ಆ ಗೆರೆ ಎರಡನ್ನೂ ನೋಡಿ ಬರೆದಿಡಿ. ರೇಡಿಯೇಟರ್ ತೆರೆದು ನೀರು ಹಾಕುವ ಅಭ್ಯಾಸವನ್ನು ಆ ವಾರ ಬಿಡಬೇಕಾಗುತ್ತದೆ. ಮಟ್ಟ ಗೆರೆಯಲ್ಲೇ ಇದ್ದು ನೀಲಿ ದ್ರವ ನೀಲಿಯಾಗಿಯೇ ಉಳಿದಿದ್ದರೆ ಸೋಮೇಶ್ವರದ ಕಡೆಯಿಂದ ಬೆಳಗಿನ ತಂಪಿನಲ್ಲಿ ಒಮ್ಮೆ ಏರಿ ನೋಡಬಹುದು. ದ್ರವ ಹಳದಿಯಾದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ನಿಜವೆಂದು ಒಪ್ಪಿ ಹೆಡ್ ಬಿಚ್ಚಿಸಿ. ಆಗ ಗ್ಯಾಸ್ಕೆಟ್ ಮಾತ್ರ ಬದಲಿಸಿ ಮುಚ್ಚಲು ಬಿಡಬೇಡಿ. ಹೆಡ್ಡಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ಅಳೆಯಲು ಹೇಳಿ, 0.05 ಮಿಲಿಮೀಟರಿಗಿಂತ ಹೆಚ್ಚು ಸಂದು ಇದ್ದರೆ ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿಯೇ, ಅಂದರೆ ಅದರ ಮೈಯನ್ನು ಸಮತಟ್ಟು ಮಾಡಿಸಿಯೇ, ಕೂರಿಸಬೇಕು.